ಪಾಯಿಂಟ್ ಕೊಟ್ಟರೆ ಸರ್ಕ್ಯೂಟ್ ಕಲಿಯುತ್ತಾರಾ?

ಪ್ರಶ್ನೆ: ಎಂಜಿನಿಯರಿಂಗ್ ಎರಡನೇ ವರ್ಷದವರಿಗೆ ಸರ್ಕ್ಯೂಟ್ ಪಾಠ ಮಾಡುತ್ತೇನೆ. ಕಹೂಟ್ (ಮೊಬೈಲಿನಲ್ಲಿ ಉತ್ತರ ಒತ್ತುವ ಆನ್‌ಲೈನ್ ಆಟ) ಕ್ವಿಜ್ ಶುರು ಮಾಡಿದಾಗ ಕ್ಲಾಸಿಗೆ ಜೀವ ಬಂತು, ಆದರೆ ಮೂರು ವಾರ ಕಳೆಯುವಷ್ಟರಲ್ಲಿ ಲೀಡರ್‌ಬೋರ್ಡಿನ ಮೇಲಿನ ಐದು ಜನ ಬಿಟ್ಟರೆ ಉಳಿದವರು ಸುಮ್ನೆ ಏನೋ ಒಂದು ಒತ್ತಿ ಕೂರುತ್ತಾರೆ. ಏನು ಮಾಡಲಿ?

ಉತ್ತರ 1: ಅದರಲ್ಲಿ ಬೇಗ ಒತ್ತಿದವರಿಗೆ ಜಾಸ್ತಿ ಪಾಯಿಂಟ್, ಅಲ್ವಾ? ಕಿರ್ಕಾಫ್ ನಿಯಮ (ಸರ್ಕ್ಯೂಟಿನ ಕರೆಂಟ್, ವೋಲ್ಟೇಜ್ ಲೆಕ್ಕದ ನಿಯಮ) ಹಾಕಿ ಲೂಪ್ ಬಿಡಿಸಲು ಯೋಚನೆ ಬೇಕು, ವೇಗವಲ್ಲ. ತಂಡ ಮಾಡಿ ಆಡಿಸಿ.

ಉತ್ತರ 2: ಕಂಪ್ಯೂಟರಿನಲ್ಲೇ ಸರ್ಕ್ಯೂಟ್ ಕಟ್ಟಿ ನೋಡುವ ಸಿಮ್ಯುಲೇಟರ್ ಎಲ್‌ಟಿಸ್ಪೈಸ್ ಉಚಿತ. ತಪ್ಪಿರುವ ಸರ್ಕ್ಯೂಟ್ ಕೊಟ್ಟು ಹುಡುಕಲು ಹೇಳಿ, ಎಷ್ಟು ಸಲ ಬೇಕಾದರೂ ಪ್ರಯತ್ನಿಸಲಿ, ಅಂಕ ಕಳೆಯಬೇಡಿ. ಸೋತರೂ ಮತ್ತೆ ಆಡಬಹುದು ಅನ್ನುವುದೇ ಆಟದ ಜೀವ, ಬ್ಯಾಡ್ಜ್ ಅಲ್ಲ.

ಉತ್ತರ 3: ಒಪ್ಪಿದೆ. ಆದರೆ ಸಿಮ್ಯುಲೇಟರ್‌ನಲ್ಲಿ ರೆಸಿಸ್ಟರ್ ಸುಟ್ಟ ವಾಸನೆ ಬರುವುದಿಲ್ಲ, ಲ್ಯಾಬ್ ಬಿಡಬೇಡಿ.