ಗಾಡಿ ಕೆಳಗ ಒಬ್ಬ, ಹೊರಗ ಮೂರು ಮಂದಿ

“ಚೋರ್ಲಾ ಘಾಟ ಇಳದು ಗೋವಾಕ್ಕ ಹೋಗಿ ಬಂದಾಗಿಂದ ಗಾಡಿ ಮಾತಾಡಾಕ ಹತ್ತೇತಿ,” ಅಂದ ಬಸ್ಯಾ.

“ಏನಂತೈತಿ?”

“ಸ್ಪೀಡ್ ಬ್ರೇಕರ್ ಹತ್ತಿದ್ರ ‘ಕಟ್’, ಇಳದ್ರ ‘ಕಟಕ್’. ಬ್ರೇಕ್ ಒತ್ತಿದ್ರ ಸ್ಟೇರಿಂಗ್ ಎಡಕ್ಕ ಎಳೀತೈತಿ.”

ಮಲ್ಲ್ಯಾ ಚಹಾದ ಕಪ್ಪು ಬಾನೆಟ್ ಮ್ಯಾಲ ಇಟ್ಟ. “ಮುಂದಿನ ಟಾಯರ್ ನೋಡೀಯೇನ?”

“ಹೊರಗಿನ ಅಂಚು ಹೊಸಾದು, ಒಳಗಿಂದು ಬೋಳು.”

“ನಿನ್ನ ತಲಿ ಬರೋಬ್ಬರಿ ಉಲ್ಟಾ. ಹೊರಗ ಬೋಳು, ಒಳಗ ಹೊಸಾದು, ಇನ್ನೂ ಬಳಸೇ ಇಲ್ಲ.”

ಬೆಳಗಾವಿಯ ಟಿಳಕವಾಡ್ಯಾಗ ರವಿವಾರ ಯಾರರೆ ಪಾನಾ ಹಿಡದ್ರ ಓಣಿ ಮಂದಿ ಎಲ್ಲಾ ಮೇಸ್ತ್ರಿ ಆಗತಾರ. ಗಾಲೀನ ಗಾಡಿಗೆ ಜೋಡಸೂ ಕೆಳಗಿನ ತೋಳು, ಅಂದ್ರ ಲೋವರ್ ಆರ್ಮಿನ ಎರಡೂ ಬುಶ್ (ರಬ್ಬರಿನ ಬಳಿ) ಸೀಳಿದ್ವು, ಗಾಲಿ ಕಡೆ ತುದಿಯ ಬಾಲ್ ಜಾಯಿಂಟ್ ಕೈಯಾಗ ಹಿಡದ್ರ ಗಡಗಡ.

“ಉದ್ಯಮಬಾಗದ ಕಾರಖಾನಿಗೆ ಒಯ್ದು ಪ್ರೆಸ್ಸಿನ್ಯಾಗ ಬರೇ ಬುಶ್ ಹಾಕಿಸಿದ್ರ?” ಅಂದೆ.

“ಜಾಯಿಂಟೂ ಹೋಗೇತಲ್ಲ. ಪೂರಾ ಆರ್ಮ್ ತಂದೀನಿ, ಎರಡೂ ಕಡೇದು,” ಅಂದ ಬಸ್ಯಾ.

ಅಷ್ಟೊತ್ತಿಗೆ ಬಂದ್ರು ನೋಡ್ರಿ, ರಿಟಾಯರ್ ಆದ ಬಸ್ ಡ್ರೈವರ್ ಕಾಕಾ. ಬಂದವರ ಮೊದ್ಲು ಬಸ್ಯಾನ ಕಾಲು ಹಿಡದು ಹೊರಗ ಎಳದ್ರು.

“ಬರೇ ಜಾಕ್ ನಂಬಿ ತಲಿ ಹಾಕೀಯಲ್ಲೋ! ಸ್ಟ್ಯಾಂಡ್ ಕೊಡು. ಬಿಚ್ಚಿದ ಗಾಲೀನೂ ಅಡ್ಡ ತೂರಸು.”

ಮುಂದ ಜಾಯಿಂಟಿನ ಕಡ್ಡಿ ಬಿಗಿಯಾಗಿ ಹಿಡಿಯೂ ಪಿಂಚ್ ಬೋಲ್ಟ್. ಬಾಗಲಕೋಟಿ ಬೋಲ್ಟಿಗೆ ಜನ್ಮದಾಗ ಹತ್ತದಷ್ಟು ಜಂಗು ನಮ್ಮ ಬೆಳಗಾವಿ ಬೋಲ್ಟಿಗೆ ಒಂದ ಮಳಿಗಾಲಕ್ಕ ಹತ್ತತೈತಿ. ಎಣ್ಣಿ ಹೊಡದು, 17ರ ಪಾನಾಕ್ಕ ಪೈಪ್ ಸಿಗಿಸಿ ಸಡ್ಲ ಮಾಡಿದ್ವಿ. ಆಮ್ಯಾಲ ಹಾರಿ ಹಾಕಿ ಮೂರೂ ಮಂದಿ ಮೀಟಿದ್ರೂ ಜಾಯಿಂಟ್ ಜಪ್ಪಯ್ಯಾ ಅನ್ನಲಿಲ್ಲ.

ಕಾಕಾ ಅಡಕಿ ಅಗೀಕೋತ, “ಬೋಲ್ಟ್ ಸಡ್ಲ ಮಾಡಿದ್ರ ಸಾಲಂಗಿಲ್ಲ, ಪೂರಾ ತಗೀರಿ. ಜಾಯಿಂಟಿನ ಕಡ್ಡಿಗೆ ಕಚ್ಚು ಐತಿ, ಅದರಾಗ ಬೋಲ್ಟ್ ಕುಂತಿರತೈತಿ,” ಅಂದ್ರು.

“ಮೊದ್ಲ ಹೇಳಬಾರದ ಕಾಕಾ?”

“ಮೊದ್ಲ ಹೇಳಿದ್ರ ನೀವು ಕೇಳ್ತಿದ್ರೇನು?”

ಹೊಸ ಆರ್ಮ್ ಕುಂತಿತು. ಬಸ್ಯಾ ಹುರುಪಿನ್ಯಾಗ ಬುಶ್ ಬೋಲ್ಟ್ ಬಿಗಿ ಮಾಡಾಕ ಹೊಂಟ. ಕಾಕಾ ಪಾನಾ ಕಸಗೊಂಡ್ರು. ಹೆಚ್ಚಿನ ಮಂದಿ ಎಡವೋದು ಇಲ್ಲೇ. ಗಾಲಿ ಜೋತಾಡುವಾಗ ಬಿಗಿ ಮಾಡಿದ್ರ, ಗಾಡಿ ನೆಲಕ್ಕ ಇಳದ ಕೂಡ್ಲೇ ಒಳಗಿನ ರಬ್ಬರ್ ತಿರುಚಿಕೊಂಡ ಉಳೀತೈತಿ. ಹಗಲೂ ರಾತ್ರಿ ಹಂಗ ತಿರುಚಿಕೊಂಡಿದ್ದ ರಬ್ಬರ್ ಲಗೂನ ಹರೀತೈತಿ. ಗಾಡಿ ಭಾರ ಬಿದ್ದಾಗ ಆರ್ಮ್ ಎಲ್ಲಿ ನಿಲ್ತೈತೋ, ಅಲ್ಲೇ ಕಡೀ ಬಿಗಿ.

“ಭಾರ ಬೇಕಂದ್ರ ನಾನು ಒಳಗ ಕುಂದ್ರಲೇನ?” ಅಂದ ಮಲ್ಲ್ಯಾ.

“ಭಾರ ಬೇಕು, ಬಾಯಿ ಬ್ಯಾಡ. ಆರ್ಮಿನ ಕೆಳಗ ಇನ್ನೊಂದು ಜಾಕ್ ಕೊಟ್ಟು ಎತ್ತು.”

ಎರಡನೇ ಕಡೇದು ಅರ್ಧ ವ್ಯಾಳ್ಯಾದಾಗ ಮುಗೀತು. ಬಸ್ಯಾ ಓಣಿ ಸುತ್ತಿ ಬಂದ, ಕಟ್ಟೂ ಇಲ್ಲ ಕಟಕ್ಕೂ ಇಲ್ಲ.

“ಸೀದಾ ಅಲೈನ್‌ಮೆಂಟಿಗೆ ಹೋಗು,” ಅಂದ್ರು ಕಾಕಾ, “ಇಲ್ಲಾಂದ್ರ ಹೊಸ ಟಾಯರೂ ಬೋಳಾಗತಾವು.”

ಮಲ್ಲ್ಯಾ ಬಾಗಿಲ ತಗದ. “ಹೋಗೂ ಹಾದ್ಯಾಗ ನನ್ನ ಮನೀಗೆ ಬಿಡು.”

“ಹೊಸ ಬುಶ್ ಅದಾವ ದೋಸ್ತ,” ಅಂದ ಬಸ್ಯಾ, “ನಡಕೋತ ಬಾ.”