ಟ್ಯಾಬ್‌ನಲ್ಲಿ ಅಳಿಸಿದರೆ ಫೋನಿನಲ್ಲೂ ಹೋಗುತ್ತಿದೆ, ಎರಡನ್ನೂ ಬೇರೆ ಮಾಡುವುದು ಹೇಗೆ?

ಚೌಕಿಪೇಟೆ ಅಂಗಡಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಚೌಕಿಪೇಟೆಯಲ್ಲಿ ನನ್ನದೊಂದು ಸಣ್ಣ ಬಟ್ಟೆ ಅಂಗಡಿ ಇದೆ. ಬಿಲ್ಲು, ಉದ್ರಿ ಪುಸ್ತಕದ ಪುಟ, ಸೀರೆ ಸ್ಯಾಂಪಲ್, ಎಲ್ಲದರ ಫೋಟೋ ಫೋನಿನಲ್ಲೇ ಇಡುತ್ತೇನೆ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಓದಿಗೆ ಅಂತ ಟ್ಯಾಬ್ ಕೊಡಿಸಿದೆ. ಎರಡೂ ಸ್ಯಾಮ್‌ಸಂಗ್. ಟ್ಯಾಬ್‌ಗೂ ನನ್ನ ಜಿಮೇಲನ್ನೇ ಹಾಕಿದ್ದೆ.

ಆವತ್ತಿನಿಂದ ನನ್ನ ಉದ್ರಿ ಪುಟಗಳು ಅವಳ ಟ್ಯಾಬ್‌ನಲ್ಲಿ, ಅವಳ ಗಣಿತದ ನೋಟ್ಸ್ ನನ್ನ ಫೋನಿನಲ್ಲಿ. ನಿನ್ನೆ ಜಾಗ ಸಾಲುತ್ತಿಲ್ಲ ಅಂತ ಅವಳು ನನ್ನ ಫೋಟೋಗಳನ್ನು, ಗೊತ್ತಿಲ್ಲದ ನಂಬರ್‌ಗಳನ್ನು ಟ್ಯಾಬ್‌ನಿಂದ ಅಳಿಸಿದಳು. ಸಂಜೆ ನೋಡಿದರೆ ನನ್ನ ಫೋನಿನಲ್ಲೂ ಇಲ್ಲ! ಮೂರು ತಿಂಗಳ ಉದ್ರಿ ಲೆಕ್ಕ ಅದು. ಬ್ಲೂಟೂತ್ ಆಫ್ ಮಾಡಿದೆ, ಸೆಟ್ಟಿಂಗ್ಸ್‌ನಲ್ಲಿ ಆಟೋ ಸಿಂಕ್ ಆಫ್ ಮಾಡಿದೆ. ಆದರೂ ಹೊಸ ಫೋಟೋಗಳು ಆ ಕಡೆ ಈ ಕಡೆ ಬರುತ್ತಲೇ ಇವೆ. ಮಗಳು ಅಳುತ್ತಾ ಕೂತಿದ್ದಾಳೆ. ಯಾರಾದರೂ ದಾರಿ ಹೇಳಿ.

ಹರಿಹರದ ಓದುಗ

ಟ್ಯಾಬ್ ಫ್ಯಾಕ್ಟರಿ ರೀಸೆಟ್ ಮಾಡಿಬಿಡಿ. ಎಲ್ಲಾ ಸರಿಹೋಗುತ್ತದೆ.

ಕೋಟೆ ಕೆಳಗಿನವನು, ಚಿತ್ರದುರ್ಗ

ದಯವಿಟ್ಟು ರೀಸೆಟ್ ಮಾಡಬೇಡಿ. ಮಗಳ ನೋಟ್ಸ್ ಹೋಗಬಹುದು. ಆಮೇಲೆ ಮತ್ತೆ ಅದೇ ಜಿಮೇಲ್ ಹಾಕಿದರೆ ಇದೇ ಕಥೆ ಶುರುವಾಗುತ್ತದೆ.

ಮೊದಲು ಮಗಳಿಗೆ ಸಮಾಧಾನ ಹೇಳಿ. ಫೋಟೋ ಇನ್ನೂ ಇದೆ. ಫೋನಿನಲ್ಲಿ ಗೂಗಲ್ ಫೋಟೋಸ್ ತೆರೆದು ಬಿನ್ ನೋಡಿ. ಬ್ಯಾಕಪ್ ಆಗಿದ್ದ ಫೋಟೋ ಅಳಿಸಿದ ಮೇಲೂ 60 ದಿನ ಅಲ್ಲಿರುತ್ತದೆ. ಬೇಕಾದವನ್ನು ಆರಿಸಿ ರಿಸ್ಟೋರ್ ಒತ್ತಿ. ನಂಬರ್‌ಗಳಿಗೆ ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲೂ ಒಂದು ಬಿನ್ ಇದೆ, ಅಲ್ಲಿ 30 ದಿನ. ಇದನ್ನು ಇವತ್ತೇ ಮಾಡಿ. ಅಲ್ಲಿಯವರೆಗೆ ಎರಡರಲ್ಲೂ ಏನನ್ನೂ ಅಳಿಸಬೇಡಿ.

ಒಂದು ಕೇಳುತ್ತೇನೆ. ಫೋನ್ ತುಂಬಿದಾಗ ಗೂಗಲ್ ಫೋಟೋಸ್‌ನಲ್ಲಿ 'ಫ್ರೀ ಅಪ್ ಸ್ಪೇಸ್' ಒತ್ತುತ್ತಿದ್ದಿರಾ?

ಚೌಕಿಪೇಟೆ ಅಂಗಡಿ

ಹೌದು, ತಿಂಗಳಿಗೊಮ್ಮೆ ಒತ್ತುತ್ತಿದ್ದೆ. ಬಿನ್‌ನಲ್ಲಿ ಎಲ್ಲಾ ಸಿಕ್ಕಿತು ಸಾರ್! ನಂಬರ್‌ಗಳೂ ಬಂದವು. ಮನೆಯವರೆಲ್ಲ ಈಗ ನೆಮ್ಮದಿಯಾಗಿ ಊಟಕ್ಕೆ ಕೂತಿದ್ದೇವೆ.

ಕೋಟೆ ಕೆಳಗಿನವನು

ತುಂಬಾ ಸಂತೋಷ. ಈಗ ಬೇರೆ ಮಾಡೋಣ.

ಫೋನು, ಟ್ಯಾಬು ನೇರವಾಗಿ ಮಾತಾಡಿಕೊಳ್ಳುತ್ತಿಲ್ಲ. ಎರಡೂ ಒಂದೇ ಗೂಗಲ್ ಅಕೌಂಟನ್ನು ನೋಡುತ್ತಿವೆ. ಒಂದೇ ಕಪಾಟಿಗೆ ಎರಡು ಬಾಗಿಲು ಇದ್ದ ಹಾಗೆ. ಬ್ಲೂಟೂತ್‌ಗೂ ಇದಕ್ಕೂ ಸಂಬಂಧವೇ ಇಲ್ಲ. 'ಫ್ರೀ ಅಪ್ ಸ್ಪೇಸ್' ಒತ್ತಿದಾಗ ನಿಮ್ಮ ಫೋನಿನ ಪ್ರತಿ ಹೋಯಿತು, ಉಳಿದದ್ದು ಅಕೌಂಟ್‌ನಲ್ಲಿ ಒಂದೇ. ಮಗಳು ಅಳಿಸಿದ್ದು ಅದನ್ನೇ. ಅದು ಟ್ಯಾಬ್‌ನಲ್ಲಿ ಇರಲೇ ಇಲ್ಲ, ಬರೀ ಕಾಣುತ್ತಿತ್ತು. ಹಾಗಾಗಿ ಅವಳಿಗೆ ಜಾಗವೂ ಸಿಕ್ಕಿರಲ್ಲ, ಅಲ್ವಾ? ಇದು ಮಕ್ಕಳಿಗೆ ಗೊತ್ತಾಗುವ ವಿಷಯವಲ್ಲ. ಅವಳನ್ನು ಬೈಯಬೇಡಿ.

ಆಟೋ ಸಿಂಕ್ ಯಾಕೆ ಕೆಲಸ ಮಾಡಲಿಲ್ಲ ಅಂದರೆ, ಆ ಬಟನ್ ಕಾಂಟ್ಯಾಕ್ಟ್ಸ್, ಕ್ಯಾಲೆಂಡರ್, ಜಿಮೇಲ್ ಇಂಥವಕ್ಕೆ. ಫೋಟೋ ಬ್ಯಾಕಪ್ಪಿನ ಬಟನ್ ಗೂಗಲ್ ಫೋಟೋಸ್ ಆಪ್ ಒಳಗೇ ಬೇರೆ ಇದೆ. ಅದನ್ನು ಆಫ್ ಮಾಡಿದರೂ ಮೊದಲೇ ಮೇಲೆ ಹೋಗಿರುವ ಫೋಟೋಗಳು ಎರಡರಲ್ಲೂ ಕಾಣುತ್ತವೆ. ಒಂದೊಂದೇ ಬಟನ್ ಒತ್ತುತ್ತಾ ಕೂರುವುದಕ್ಕಿಂತ ಮಗಳಿಗೆ ಅವಳದೇ ಅಕೌಂಟ್ ಮಾಡಿಕೊಡುವುದೇ ಸರಿ.

ಅದಕ್ಕೂ ಮೊದಲು ಅವಳ ನೋಟ್ಸ್ ನೋಡಿಕೊಳ್ಳಿ. ಟ್ಯಾಬ್‌ನಲ್ಲೂ 'ಫ್ರೀ ಅಪ್ ಸ್ಪೇಸ್' ಒತ್ತಿದ್ದರೆ ನೋಟ್ಸ್ ಫೋಟೋಗಳು ನಿಮ್ಮ ಅಕೌಂಟ್‌ನಲ್ಲಿ ಮಾತ್ರ ಇರುತ್ತವೆ. ಅವನ್ನು ಟ್ಯಾಬ್‌ಗೆ ಡೌನ್‌ಲೋಡ್ ಮಾಡಿಕೊಳ್ಳಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್‌ಗೆ ಹೋಗಿ ಅವಳ ಹೊಸ ಜಿಮೇಲ್ ಸೇರಿಸಿ. ಕೊನೆಗೆ ನಿಮ್ಮದನ್ನು ಒತ್ತಿ ರಿಮೂವ್ ಅಕೌಂಟ್ ಕೊಡಿ. ಭಯ ಬೇಡ, ಅಕೌಂಟ್ ಟ್ಯಾಬ್‌ನಿಂದ ಹೋಗುತ್ತದೆ ಅಷ್ಟೇ. ನಿಮ್ಮ ಫೋನಿಗೆ ಏನೂ ಆಗುವುದಿಲ್ಲ.

ಚೌಕಿಪೇಟೆ ಅಂಗಡಿ

ಮಾಡಿದೆ. ಫೋಟೋ, ನಂಬರ್ ಎಲ್ಲಾ ಬೇರೆ ಆಯಿತು. ಆದರೆ ನನಗೆ ಫೋನ್ ಬಂದರೆ ಟ್ಯಾಬ್ ಈಗಲೂ ರಿಂಗ್ ಆಗುತ್ತಿದೆ. ಅವಳು ಓದುವಾಗ ಸೂರತ್ ವ್ಯಾಪಾರಿಗಳ ಕಾಲ್!

ಕೋಟೆ ಕೆಳಗಿನವನು

ಅದು ಗೂಗಲ್ ಅಲ್ಲ, ಸ್ಯಾಮ್‌ಸಂಗ್ ಅಕೌಂಟ್. ಅದೂ ಎರಡರಲ್ಲೂ ಒಂದೇ ಇದೆ ಅನ್ನಿಸುತ್ತದೆ. ಟ್ಯಾಬ್‌ನ ಸೆಟ್ಟಿಂಗ್ಸ್‌ನಲ್ಲಿ ಕನೆಕ್ಟೆಡ್ ಡಿವೈಸಸ್ ಒಳಗೆ 'ಕಾಲ್ ಅಂಡ್ ಟೆಕ್ಸ್ಟ್ ಆನ್ ಅದರ್ ಡಿವೈಸಸ್' ಅಂತ ಇದೆ, ಆಫ್ ಮಾಡಿ. ಹಳೇ ಟ್ಯಾಬ್‌ಗಳಲ್ಲಿ ಅದು ಅಡ್ವಾನ್ಸ್ಡ್ ಫೀಚರ್ಸ್ ಒಳಗೆ ಸಿಗುತ್ತದೆ. ಹಾಗೇ ನಿಮ್ಮ ಫೋನಿನ ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ನೋಡಿ. ಟ್ಯಾಬ್ ಇದ್ದರೆ ಲಾಗೌಟ್ ಕೊಡಿ.

ಚೌಕಿಪೇಟೆ ಅಂಗಡಿ

ಆಫ್ ಮಾಡಿದೆ, ಪಕ್ಕದ ಅಂಗಡಿಯವರಿಂದ ಕಾಲ್ ಮಾಡಿಸಿಯೂ ನೋಡಿದೆ. ಫೋನ್ ಮಾತ್ರ ರಿಂಗ್ ಆಯಿತು. ವಾಟ್ಸಾಪ್‌ನಲ್ಲೂ ಟ್ಯಾಬ್ ಇತ್ತು, ತೆಗೆದೆ. ದಾವಣಗೆರೆಗೆ ಬಂದರೆ ಬೆಣ್ಣೆ ದೋಸೆ ನನ್ನ ಕಡೆಯಿಂದ.