ಅಪ್‌ಡೇಟ್: ವೈಫೈ ಡ್ರೈವರಿನ ಮೆಮೊರಿ ಲೀಕ್ ಸಿಕ್ತು
ಹೋದ ವಾರ ಕೇಳಿದ್ನಲ್ಲ, ಯುಎಸ್‌ಬಿ ವೈಫೈ ಡಾಂಗಲ್ ಹಾಕಿ ತೆಗೆದು ಮಾಡ್ತಿದ್ರೆ ಲಿನಕ್ಸ್ ಮಷೀನಲ್ಲಿ ಫ್ರೀ ಮೆಮೊರಿ ಕಮ್ಮಿ ಆಗ್ತಾ ಹೋಗುತ್ತೆ, ಯಾವ ಪ್ರೋಗ್ರಾಂ ಕಿಲ್ ಮಾಡಿದ್ರೂ ವಾಪಸ್ ಬರಲ್ಲ ಅಂತ, ಅದರ ಕಾರಣ ಕೊನೆಗೂ ಸಿಕ್ತು. ಸ್ಲ್ಯಾಬ್ (ಕರ್ನಲ್, ಅಂದ್ರೆ ಲಿನಕ್ಸಿನ ತಿರುಳು, ತನಗೇ ಅಂತ ಇಟ್ಕೊಳ್ಳೋ ಮೆಮೊರಿ) ಲೆಕ್ಕ ನೋಡಿ ಅಂದವ್ರಿಗೆ ತುಂಬಾ ಥ್ಯಾಂಕ್ಸ್. ಕೆಮೆಮ್‌ಲೀಕ್ ಅನ್ನೋ ಲೀಕ್ ಹುಡುಕೋ ಟೂಲ್ ಆನ್ ಮಾಡಿ ಕರ್ನಲ್ ಬಿಲ್ಡ್ ಮಾಡ್ದೆ, ಸ್ಕ್ಯಾನ್ ಕೊಟ್ಟಾಗ ಬ್ಯಾಕ್‌ಟ್ರೇಸ್ (ಮೆಮೊರಿ ತಗೊಂಡ ಕೋಡಿನ ಜಾಡು) ನೇರ ಡ್ರೈವರಿನ ಪ್ರೋಬ್ ಫಂಕ್ಷನ್ನನ್ನೇ (ಡಾಂಗಲ್ ಹಾಕಿದಾಗ ಓಡೋ ಕೋಡ್) ತೋರಿಸ್ತು, ಅದು ಕೆಮ್ಯಾಲಾಕ್ (ಕರ್ನಲ್ ಮೆಮೊರಿ ಕೇಳೋ ಫಂಕ್ಷನ್) ಮಾಡಿ ಬಫರ್ ತಗೊಳ್ಳುತ್ತೆ, ಮುಂದಿನ ಹೆಜ್ಜೆ ಫೇಲ್ ಆದ್ರೆ ಕೆಫ್ರೀ (ಆ ಮೆಮೊರಿ ವಾಪಸ್ ಕೊಡೋ ಫಂಕ್ಷನ್) ಮಾಡದೇ ಎರರ್ ಕೊಟ್ಟು ಹೊರಟೋಗುತ್ತೆ. ಆಮೇಲೆ ಆ ಮೆಮೊರಿ ವಾಪಸ್ ಬರೋಕೆ ರೀಬೂಟೇ ಗತಿ. ಇದನ್ನ ಸಣ್ಣ ಬಗ್ ಅನ್ಕೋಬೇಡಿ, ಬೇಕಂತಲೇ ಪದೇ ಪದೇ ಫೇಲ್ ಮಾಡ್ಸಿದ್ರೆ ಮಷೀನನ್ನೇ ಮಲಗಿಸ್ಬಹುದು, 2019ರಲ್ಲಿ ಲಿನಕ್ಸ್ ಡ್ರೈವರ್‌ಗಳ ಇಂಥದೇ ಲೀಕ್‌ಗಳಿಗೆ ಸಿವಿಇ ನಂಬರ್ (ಗೊತ್ತಾದ ಭದ್ರತಾ ದೋಷಗಳಿಗೆ ಕೊಡೋ ಗುರುತಿನ ಸಂಖ್ಯೆ) ಕೊಟ್ಟಿದ್ರು. ಎರರ್ ದಾರೀಲಿ ಒಂದು ಕೆಫ್ರೀ ಸೇರಿಸ್ದೆ, ಇನ್ನೂರು ಸಲ ಹಾಕಿ ತೆಗೆದೆ, ಲೀಕ್ ಇಲ್ಲ. ಪ್ಯಾಚ್ ಕಳ್ಸಿದೀನಿ.